ಲೆಕ್ಕದ ವಹಿಯ ಹಿಂದಿನ ಹಾಳಿ

ಬಾಗಲಕೋಟಿಯಿಂದ ಬಂದವರು
ಚಾ ಕುಡದು, ಎರಡು ಫೋಟೋ ತಗದು ಹೋದ್ರು.
ಮೂರು ತಿಂಗಳಿಗೆ ಪುಸ್ತಕ ಬಂತು ಟಪಾಲಿನ್ಯಾಗ.
ಗುಳೇದಗುಡ್ಡದ ನಮ್ಮ ಓಣಿಗೆಲ್ಲಾ ತೋರಿಸಿದ ತಮ್ಮ.
ಹನ್ನೊಂದನೇ ಪುಟದಾಗ ನಾನು:
‘ಕಾಲಿಲ್ಲದಿದ್ದರೂ ಛಲ ಬಿಡದ ಈರಮ್ಮ.’
ತಮ್ಮನ ಮಗಳು ಜೋರಾಗಿ ಓದಿ ಕೇಳಿದ್ಲು:
ಅತ್ತಿ, ಇದು ಯಾರು?

ಕಾಲಿಲ್ಲ ಅಂದವರ್ಯಾರು?
ಎರಡೂ ಅದಾವ. ಎಡದ್ದು ಸಣ್ಣದು,
ಥಂಡಿ ದಿನಕ್ಕ ತಣ್ಣಗಿರತೈತಿ,
ರಾತ್ರಿ ಅದನ್ನ ಬಲಗಾಲ ಸಂದ್ಯಾಗ ಇಟ್ಕೊಂಡು ಮಲಗತೇನಿ,
ಬೆಕ್ಕಿನ ಮರಿ ಇಟ್ಕೊಂಡಂಗ.
ಇದನ್ನ ಅವರು ಕೇಳಲಿಲ್ಲ.

‘ದೇವರು ಕಸಿದುಕೊಂಡದ್ದನ್ನು ಮಗ್ಗ ಮರಳಿ ಕೊಟ್ಟಿತು.’
ದೇವರ ಮ್ಯಾಲ ಯಾಕ ಹಾಕತೀರಿ?
ಹನಿ ಹಾಕೋರು ನಮ್ಮ ಓಣಿ ತಪ್ಪಿಸಿ ಹೋಗಿದ್ರು.
ಮಗ್ಗ ಸುಮ್ಮನ ಏನೂ ಕೊಡಲಿಲ್ಲ,
ಒಂದು ಖಣಕ್ಕ ಇಷ್ಟಂತ ಕೊಟ್ಟಾಂವ ಸಾವಕಾರ,
ಅದೂ ತಡಾ ಮಾಡಿ.

‘ತಾಯಿ ಹೊತ್ತುಕೊಂಡು ಶಾಲೆಗೆ ಒಯ್ದಳು.’
ಖರೇ. ಆದ್ರ ಏರಿನ್ಯಾಗ, ಕೆಂಪುಗಲ್ಲ ಪಾವಟಿಗಿ ಮ್ಯಾಲ
ಆಕಿ ನನ್ನ ಚಿವುಟತಿದ್ಲು,
ನಿನ್ನ ಭಾರ ನಿನಗೇನ ಗೊತ್ತು ಅಂತ.
ನಾನು ಆಕಿ ಜಡಿ ಜಗ್ಗತಿದ್ದೆ.
ನಾಕನೇತ್ತೆಕ್ಕ ಬಂದಾಗ, ಇನ್ನ ತೆವಳಿಕೋತ ಹೋಗು ಅಂದ್ಲು.
ಹೋದೆ. ಅವತ್ತ ಮೊದಲ ಸಲ ನೆಲದ ಊರು ನೋಡಿದೆ:
ಇರುವಿ ಸಾಲು, ಯಾರದೋ ಒಡದ ಬಳಿ,
ಹೊಸ್ತಿಲ ಕೆಳಗಿಂದ ಹರದು ಬರೋ ನೂಲಿನ ಗಂಜಿ ನೀರು.
ಪುಸ್ತಕದಾಗ ನೆಲಾನ ಇಲ್ಲ.

ಇನ್ನೊಂದು ಬಿಟ್ಟಾರ. ನಾನಾ ಹೇಳಿರಲಿಲ್ಲ ಅನ್ರಿ.
ಕೆರೂರ ಕಡೆಯಿಂದ ನೋಡಾಕ ಬಂದಿದ್ರು.
ಅಪ್ಪ ನನ್ನ ಕುಣಿಮಗ್ಗದಾಗ ಕುಂದ್ರಿಸಿದ್ದ,
ಸೊಂಟದ ಕೆಳಗಿನದೆಲ್ಲಾ ಕುಣಿಯೊಳಗ.
ಲಾಳಿ ಆ ಕಡೆ ಈ ಕಡೆ. ಮಾರಿಗೆ ಪೌಡರು.
ಹುಡುಗ ನಕ್ಕ. ಹಲ್ಲು ಚಂದಿದ್ವು.
ಕೈ ಚುರುಕ ಅದಾವ ಅಂದ್ಲು ಅವರವ್ವ.
ಅಪ್ಪ ಕಣ್ಣಿಲೇ ಹೇಳಿದ: ಏಳಬ್ಯಾಡ.
ಎದ್ದೆ.
ಕೋಲು ಹುಡುಕಿ, ಸಾವಕಾಶ, ಪೂರಾ ಎದ್ದೆ.
ಅವರ ಚಾದ ಕಪ್ಪು ನಾನಾ ಎತ್ತಿ ಒಳಗ ಒಯ್ದೆ.
ಇದು ಧೈರ್ಯ ಅಲ್ಲ. ಆ ಹುಡುಗ ನನಗ ಬೇಕಾಗಿದ್ದ.
ಪೂರಾ ನನ್ನ ನೋಡಿ, ಬೇಕು ಅನ್ನಲಿ ಅಂತ ಎದ್ದಿದ್ದೆ.
ಅನ್ನಲಿಲ್ಲ.
ಅಪ್ಪ ಎಂಟು ದಿನ ಮಾತಾಡಲಿಲ್ಲ.

ಅದಕ್ಕ ಈಗ ಬರೀತೇನಿ.
ಖಣದ ಲೆಕ್ಕದ ವಹಿ ಐತಲ್ಲ, ಅದರ ಹಿಂದಿನ ಹಾಳಿಯಿಂದ.
ಮುಂದಿನಿಂದ ಲೆಕ್ಕ, ಹಿಂದಿನಿಂದ ನಾನು,
ನಡುವ ಎಲ್ಲೋ ಕೂಡತೇವಿ.
ಬಸ್‌ಸ್ಟ್ಯಾಂಡಿನ್ಯಾಗ ಕೇಳದ ನನ್ನ ಎತ್ತಿದವನ ಕೈ
ಕಚ್ಚಿದ್ದು ಬರದೆ.
ಸರ್ಟಿಫಿಕೇಟಿನ ಡಾಕ್ಟರ ಕಾಲು ಅಳದು
ಶೇಕಡಾ ಅರವತ್ತು ಅಂದಾಗ,
ಉಳಿದ ನಾಲ್ವತ್ತು ಎಲ್ಲಿಡಲ್ರಿ ಅಂದದ್ದು ಬರದೆ.

ಕಂಡಿಕಿ ಸುತ್ತೋ ದಾವಲಬಿ ನೋಡತಿದ್ಲು.
ಹುಟ್ಟಾ ಕಿವಿ ಕೇಳಂಗಿಲ್ಲ, ಸಾಲಿ ಮುಖ ನೋಡಿಲ್ಲ.
ಎದಿ ಮುಟ್ಟಿಕೊಂಡು ವಹಿ ತೋರಿಸಿದ್ಲು: ನನ್ನದೂ.
ಪೆನ್ನು ಹಿಡದೆ.
ನಾ ಬರದ ಮೊದಲ ಶಬ್ದ: ‘ಪಾಪ’.

ಓದಾಕ ಬರಂಗಿಲ್ಲ ಆಕಿಗೆ.
ನನ್ನ ಮಾರಿ ಓದಿದ್ಲು.
ನೂಲಿನ ಬಣ್ಣ ಹತ್ತಿದ ಅಂಗೈ
ಪೆನ್ನಿನ ಮ್ಯಾಲ ಇಟ್ಟು ಒತ್ತಿ ಹಿಡದ್ಲು.
ಹಂಗಾ ಕುಂತ್ವಿ. ಯಾರದೋ ಮನಿ ಮಗ್ಗ
ನಿಂತು, ಮತ್ತ ಚಾಲೂ ಆತು.
ಆ ಶಬ್ದಕ್ಕ ಕಾಟು ಹೊಡದೆ.

ಈಗ ಆಕಿ ಕೈ ಆಡಸತಾಳ:
ಒಂದು ಆಡು, ಒಂದು ಬಾಗಿಲಾ,
ಯಾರೋ ಎತ್ತರದವರು, ಆಮ್ಯಾಲ ಭಾಳ ನಗು.
ಅರ್ಧ ತಿಳೀತು. ಅರ್ಧ ತಿಳೀಲಿಲ್ಲ.
ತಿಳೀದಿದ್ದಕ್ಕ ಎರಡು ಬಟ್ಟು ಜಾಗಾ ಬಿಟ್ಟೇನಿ.
ನಾಳೆ ಮತ್ತ ಕೇಳಬೇಕು,
ಆ ಆಡು ಯಾರದು ಅಂತ.